ಎಂಜಲು ಸೋರೆ

"ಉಗುಳೇ! ಮೊದ್ಲು ಉಗುಳೇ, ಹಾದರಗಿತ್ತಿ!"

ನಮ್ಮತ್ತೆ ಉಡಚಮ್ಮ ಉಗುಳಲಿಲ್ಲ. ಬಾಯಲ್ಲಿದ್ದ ಎಳೆ ಸೋರೆಕಾಯಿಯ ಚೂರನ್ನು ಜಗಿದು ನುಂಗಿಬಿಟ್ಟಳು. ಪಂಚಾಕ್ಷರಪ್ಪಗೌಡ ಚಪ್ಪರದ ಕೆಳಗೆ ನುಗ್ಗಿ ಬಂದು ಬಿಟ್ಟ ಏಟಿಗೆ ಅವಳ ತಲೆಯ ಮೇಲಿನ ಸೆರಗು ಜಾರಿತು, ಕೈಯಲ್ಲಿದ್ದ ಕುಡುಗೋಲು ಕೆಸರಿಗೆ ಬಿತ್ತು. ಗೌಡನಿಗೆ ಅರವತ್ತು ದಾಟಿದೆ, ಅತ್ತೆಗೂ ಅಷ್ಟೇ. ಹೊಡೆಯುವ ಕೈಗೆ ಮಾತ್ರ ವಯಸ್ಸಾಗುವುದಿಲ್ಲ ಅಂತ ನನಗೆ ಅವತ್ತು ಗೊತ್ತಾಯಿತು.

"ದೇವರ ಬೀಜದ ಕಾಯಿಗೆ ಬಾಯಿ ಹಾಕ್ತೀಯೇನೇ? ಕೇರಿ ಎಂಜಲನ್ನ ನಮ್ಮ ಮನಿಗೆ ಕಳಿಸ್ತೀಯಾ? ಎಷ್ಟು ವರ್ಷದಿಂದ ನಡಿಸೀಯೇ ಇದನ್ನ?"

"ನಾಲಿಗೆ ನೋಡ್ದೆ ಬೀಜಕ್ಕೆ ಬಿಡಾಕೆ ಆಗಲ್ಲ ಗೌಡ್ರೆ. ನಮ್ಮತ್ತೀನೂ ಹಿಂಗೇ ಮಾಡ್ತಿದ್ಲು..."

"ನಿಮ್ಮತ್ತಿ ಹೆಣ ಎತ್ತ. ಬಾಯಿ ಮುಚ್ಚು."

ದಾವಣಗೆರೆಯಿಂದ ದೇಸಿ ಬೀಜ ಮೇಳದವರು ಬಂದಿದ್ದರು. ಸುನೀತಾ ಅಂತ ಒಬ್ಬ ಮೇಡಂ, ಖಾದಿ ಜುಬ್ಬಾದ ಇಬ್ಬರು ಗಂಡಸರು. ಗೌಡ ಬಳ್ಳಿಗಳ ಮಧ್ಯೆ ನಿಂತು, "ನಮ್ಮ ತಾತನ ಕಾಲದಿಂದ ಕಾಪಾಡ್ಕೊಂಡು ಬಂದ ಬೀಜ ಇದು" ಅನ್ನುತ್ತಿದ್ದಾಗ ಮೇಡಂ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. "ಅಮ್ಮ, ನೀವು ಸ್ವಲ್ಪ ಆ ಕಡೆ ಸರೀರಿ, ಫ್ರೇಮಿನಲ್ಲಿ ಬರ್ತೀರಿ" ಎಂದು ಅತ್ತೆಯನ್ನು ಎರಡು ಸಲ ಸರಿಸಿದ್ದಳು. ಹಾಗೆ ಸರಿದ ಅತ್ತೆ ಸುಮ್ಮನೆ ನಿಂತಿರಲಾರದೆ ತನ್ನ ಕೆಲಸ ಮಾಡಿದ್ದಳು. ಒಂದು ಬಳ್ಳಿಯ ಎಳೆಕಾಯಿಯನ್ನು ಉಗುರಿನಿಂದ ಚಿವುಟಿ ಬಾಯಿಗೆ ಹಾಕಿಕೊಂಡಿದ್ದಳು, ಅಷ್ಟೇ.

ಗೌಡ ಹೊಡೆದಾಗ ಮೇಡಂ ಮೊಬೈಲ್ ಕೆಳಗಿಳಿಸಿದಳು. ಅಷ್ಟು ಹೊತ್ತು ಎತ್ತಿ ಹಿಡಿದಿದ್ದ ಕೈ, ಸರಿಯಾಗಿ ಆ ಹೊತ್ತಿಗೆ ನೋಯಿತು ಅಂತ ಕಾಣುತ್ತದೆ.

ನಾಲಿಗೆ ನೋಡುವುದು ಅಂದರೆ ಇಷ್ಟೇ. ಸೋರೆಬಳ್ಳಿ ಮೊದಲು ಬಿಟ್ಟ ಎಳೆಕಾಯಿಯಿಂದ ಒಂದು ಚೂರು ಹಸಿದೇ ತಿಂದು ನೋಡಬೇಕು. ಸಿಹಿ ಇದ್ದರೆ ಆ ಬಳ್ಳಿಯನ್ನು ಬೀಜಕ್ಕೆ ಬಿಡಬೇಕು, ಕಹಿ ಇದ್ದರೆ ಬೇರುಸಮೇತ ಕಿತ್ತು ಬಿಸಾಡಬೇಕು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ನಮ್ಮತ್ತೆಯ ಅತ್ತೆ, ಅವಳ ಅತ್ತೆ, ಎಲ್ಲರೂ ಕೆರೆ ಹಿಂದಿನ ಆ ನೆಲದ ಪಟ್ಟಿಯಲ್ಲಿ ಪ್ರತಿ ಬಳ್ಳಿಯ ಕಾಯಿ ತಿಂದು ತಿಂದೇ ಆ ಸಿಹಿ ಉಳಿದಿದ್ದು. ಗೌಡರ ಹೆಸರಿನಲ್ಲಿದ್ದ ಜೌಗು ನೆಲ ಅದು. ಯಾರಿಗೂ ಬೇಡವಾಗಿದ್ದಾಗ ನಮ್ಮವರು ಗೊಬ್ಬರ ಹೊತ್ತು ಹಾಕಿ ತೋಟ ಮಾಡಿದ್ದರು. ಗೌಡರ ಕಡೆಯಿಂದ ಬಂದದ್ದು ಒಂದು ಬಾಯಿಮಾತು ಮಾತ್ರ: ಬೆಳೆದುಕೊಂಡು ತಿನ್ನಿ, ಬೀಜದಲ್ಲಿ ಅರ್ಧ ನಮ್ಮ ಮನೆಗೆ ತಂದಿಡಿ. ಸವಳಂಗದ ಸುತ್ತಿನ ರೈತರು ಆ ಅರ್ಧವನ್ನು ಗೌಡರ ಜಗಲಿಯಿಂದ ಒಯ್ಯುತ್ತಿದ್ದರು. ಹಾಗಾಗಿ ಅದು ಗೌಡರ ಸೋರೆ ಆಯಿತು, ಮೊದಲ ಕಾಯಿ ಮಠದ ದಾಸೋಹಕ್ಕೆ ಹೋಗುತ್ತಿದ್ದುದರಿಂದ ದೇವರ ಬೀಜವೂ ಆಯಿತು. ಹೆತ್ತವಳು ಒಬ್ಬಳು, ಹೆಸರು ಇನ್ನೊಬ್ಬರದು.

"ಉಚ್ಚಂಗಿ! ಲೇ ಉಚ್ಚಂಗಿ! ಕೊಟ್ಟಿಗ್ಯಾಗಿಂದ ಗಂಜಳ ತಾರಲೇ!"

ಉಚ್ಚಂಗೆಪ್ಪ ನಮ್ಮ ಮಾವ. ಹುಟ್ಟಿದಾಗಿನಿಂದ ಗೌಡರ ಕೊಟ್ಟಿಗೆಯಲ್ಲೇ ಸಗಣಿ ಬಾಚಿದವನು. ಹೆಂಡತಿಯ ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದನ್ನು ಕಂಡೂ ಕಾಣದವನಂತೆ ಓಡಿಹೋಗಿ ಕೊಡ ತುಂಬಿ ತಂದ. ಅದರಲ್ಲೇ ಅತ್ತೆ ಬಾಯಿ ಮುಕ್ಕಳಿಸಬೇಕು, ಆಮೇಲೆ ಅವಳ ಕೈಯಿಂದಲೇ ಪ್ರತಿ ಬಳ್ಳಿಯ ಬುಡಕ್ಕೆ ಚಿಮುಕಿಸಬೇಕು ಅಂತ ಗೌಡನ ಅಪ್ಪಣೆ. ಅತ್ತೆ ಮುಕ್ಕಳಿಸಿದಳು. ಜುಬ್ಬಾದವರಲ್ಲಿ ಒಬ್ಬ, "ಗೋಮೂತ್ರ ಒಳ್ಳೇ ಜೈವಿಕ ಗೊಬ್ಬರ ಸರ್" ಎಂದ. ನನಗೆ ಅವನನ್ನು ಅದೇ ಕೊಡದಲ್ಲಿ ಮುಳುಗಿಸಬೇಕು ಅನ್ನಿಸಿತು.

ಅಷ್ಟಕ್ಕೆ ಮುಗಿಯಲಿಲ್ಲ. ಮಾರನೆಯ ದಿನ ಗೌಡನ ಕಡೆಯ ಆಳುಗಳು ಪಟ್ಟಿಯ ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದರು. ಆಮೇಲೆ ಕೇರಿಗೆ ಬಂದು, ನಮ್ಮ ಒಲೆಯ ಮೇಲೆ ಹೊಗೆಗೆ ಕಟ್ಟಿದ್ದ, ಬೀಜ ತುಂಬಿದ ಸೋರೆಬುರುಡೆಯನ್ನು ಕಿತ್ತುಕೊಂಡು ಹೋದರು. ಒಳಗೆ ಬರಲಿಲ್ಲ, ಉದ್ದ ಕೋಲಿನಿಂದ ಬಾಗಿಲಲ್ಲೇ ನಿಂತು ಎಳೆದರು. ಗೌಡ ತನ್ನ ಮನೆಯಲ್ಲಿದ್ದ ಹಳೇ ಬೀಜವನ್ನೂ ಹೊರಗೆ ತರಿಸಿದ. ಎಲ್ಲಕ್ಕೂ ಎಂಜಲು ತಾಗಿದೆಯಂತೆ. ಏರಿಯ ಮೇಲೆ ನಿಂತು ಅಷ್ಟನ್ನೂ ಕೆರೆಗೆ ಸುರಿಸಿದ. ಮೂರು ತಲೆ ಅತ್ತೆಯರ ನಾಲಿಗೆ ನೀರಿಗೆ ಬಿತ್ತು. ಬೀಜ ಹಗುರ, ಮುಳುಗಲಿಲ್ಲ. ದಡಕ್ಕೆ ತೇಲಿ ಬಂದದ್ದನ್ನು ಬಾತುಗಳು ತಿಂದವು.

"ಈ ಸಲದ ಬಳ್ಳಿ ಶುದ್ಧ ಆಗ್ಯಾವೆ. ಇನ್ನು ಮುಂದೆ ಬೀಜ ಇದೇ ಹೊಲದ್ದು, ನಮ್ಮನಿದು" ಎಂದ ಗೌಡ. "ನಾಳಿಂದ ನೀನು ಕೂಲಿಗೆ ಬಾ. ಬಳ್ಳಿ ನೋಡ್ಕೊಳ್ಳಾಕೆ ನಿನ್ನಷ್ಟು ಕೈ ಪಳಗಿದೋರು ಯಾರೂ ಇಲ್ಲ. ಆದ್ರೆ ಬಾಯಿ ಹಾಕಿದ್ದು ಕಂಡ್ರೆ ನಾಲಿಗೆ ಕೊಯ್ತೀನಿ."

"ಆಗ್ಲಿ ಗೌಡ್ರೆ" ಎಂದಳು ಅತ್ತೆ.

ಅವಳು ಆಗಲಿ ಅಂದಿದ್ದಕ್ಕೆ ನನಗೆ ಹೊಟ್ಟೆ ಉರಿಯಿತು. ಮನೆಗೆ ಬಂದ ಮೇಲೆ ಅವಳು ಗೋಡೆಗೆ ಒರಗಿ ಕೂತು, ಎಲೆಅಡಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದ ಪುಟ್ಟ ಅರೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಅದರಲ್ಲಿದ್ದ ಬೀಜ ಒಂದು ಹಿಡಿಯೂ ಇರಲಿಲ್ಲ. ಬೀಜ ಒಡೆಯುವಾಗ ಉದ್ದನೆಯ ಕಾಯಿಯದನ್ನು ಬೇರೆ ಎತ್ತಿಡುವ ಅಭ್ಯಾಸ ಅವಳಿಗೆ. ಅವು ಆ ಚೀಲದಲ್ಲೇ ಉಳಿದಿದ್ದವು.

"ಸೊಂಟದಾಗೆ ಇದ್ದಿದ್ದು ಕೋಲಿಗೆ ಸಿಗಲಿಲ್ಲ" ಎಂದಳು.

ಮಾರನೇ ಸಂಜೆ ಕೂಲಿ ಮುಗಿಸಿ ಬರುವಾಗ ಅವಳು ಮನೆಯ ದಾರಿ ಹಿಡಿಯಲಿಲ್ಲ. ಏರಿ ದಾಟಿ ಮಸಣದ ಕಡೆ ನಡೆದಳು. ನಾನೂ ಬೆನ್ನಿಗೆ ಬಿದ್ದೆ. ಮಸಣದ ಕಳ್ಳಿಬೇಲಿಯ ಮೇಲೆ ನಮ್ಮ ಕೇರಿಯವರದೇ ಒಂದು ಕಹಿಸೋರೆ ಬಳ್ಳಿ ಹಬ್ಬಿದೆ. ತಿನ್ನುವುದಕ್ಕಲ್ಲ, ಬುರುಡೆಗೆ. ಕಹಿಸೋರೆಯ ಬುರುಡೆಯಲ್ಲಿ ಬೀಜ ಇಟ್ಟರೆ ಹುಳ ಬೀಳುವುದಿಲ್ಲ. ತೋಟದ ಹತ್ತಿರ ಅದನ್ನು ಬೆಳೆಯಬಾರದು ಅಂತ ಅತ್ತೆಯ ಕಟ್ಟಪ್ಪಣೆ. ಅದಕ್ಕೇ ಅದು ಹೆಣಗಳ ಜೊತೆ ಇತ್ತು.

ಸೋರೆ ಹೂ ಅರಳುವುದು ಹೊತ್ತು ಮುಳುಗುವಾಗ. ಬೆಳ್ಳಗೆ ಬಿರಿಯುತ್ತಿದ್ದ ಗಂಡು ಹೂಗಳನ್ನು ಅತ್ತೆ ಒಂದೊಂದಾಗಿ ಕಿತ್ತು ಸೆರಗಿಗೆ ಹಾಕಿಕೊಂಡಳು.

"ಅತ್ತಿ, ಇದರ ಗಾಳೀನೂ ತೋಟಕ್ಕೆ ಸೋಕಬಾರದು ಅಂತಿದ್ದೆಲ್ಲ?"

"ನನ್ನ ತೋಟಕ್ಕೆ ಅಂದಿದ್ದೆ. ಈಗದು ಗೌಡ್ನ ತೋಟ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಾನೂ ಹೂ ಕೀಳಲು ಕೈ ಹಾಕಿದೆ.

ಪಟ್ಟಿಗೆ ವಾಪಸ್ಸು ಬಂದು, ಬೀಗದ ಕೈ ಹಿಡಿದು ಬೀಡಿ ಸೇದುತ್ತಿದ್ದ ಕಾವಲಿನ ಪಾಪಣ್ಣನಿಗೆ, "ಹೂ ಕಟ್ಟಾದು ಉಳೀತು ಕಣಪ್ಪ" ಎಂದಳು. ಅವನು ಬೇಲಿಯ ಬಾಗಿಲು ತೆಗೆದ. ಬುಡದಲ್ಲಿ ಕಿರುಬೆರಳಿನಷ್ಟು ಹಸಿರು ಕಾಯಿ ಹೊತ್ತು ಆಗಷ್ಟೇ ಬಾಯಿ ಬಿಡುತ್ತಿದ್ದ ಹೆಣ್ಣು ಹೂಗಳನ್ನು ಅತ್ತೆ ಹುಡುಕಿ ಹುಡುಕಿ ಹಿಡಿದಳು. ಕಹಿಯ ಗಂಡು ಹೂವಿನ ಎಸಳು ಹರಿದು, ಒಳಗಿನ ಪುಡಿಯನ್ನು ಹೆಣ್ಣಿನ ಬಾಯಿಗೆ ತಿಕ್ಕಿದಳು. ಬೇರೆ ಹುಳ ಬಂದು ಕೂರದಂತೆ ಬಾಳೆನಾರಿನಿಂದ ಹೂವಿನ ಬಾಯಿ ಕಟ್ಟಿದಳು.

"ಈ ಕಾಯಿ ಸಿಹೀನೇ ಇರ್ತೈತೆ. ತಾಯಿ ಸಿಹಿ ಅಲ್ಲೇನು" ಅಂತ ಪಿಸುಗುಟ್ಟಿದಳು. "ಇದರ ಹೊಟ್ಟಿಯಾಗಿನ ಬೀಜ ಮುಂಗಾರಿಗೆ ಬಳ್ಳಿ ಆಗ್ತೈತಲ್ಲ, ಅದು ಅಪ್ಪನ್ನ ಹೋಲ್ತೈತೆ."

"ಊರೋರೆಲ್ಲ ತಿಂತಾರಲ್ಲ ಅತ್ತಿ? ಮಕ್ಳು ಮರಿ?"

"ಕಹಿಸೋರೇನ ಯಾವ ಕೂಸೂ ಎರಡ್ನೇ ತುತ್ತು ತಿನ್ನಲ್ಲ. ಮೊದಲ್ನೇದಕ್ಕೇ ಉಗುಳ್ತೈತೆ. ಉಗುಳ್ದೆ ತಿಂದೋನಿಗೆ ಮಾತ್ರ ಕರುಳು ಕಿತ್ತು ಬರ್ತೈತೆ. ತಿಂದ್ರೆ ಅದು ಅವನ ಕೊಬ್ಬು."

ಮಾವನಿಗೆ ವಿಷಯ ಗೊತ್ತಾದಾಗ ಅವನು ಬಾಗಿಲು ಹಾಕಿ ಅಗುಳಿ ಜಡಿದ. "ಕೊಂದು ಹಾಕ್ತಾರೆ ಕಣೇ ಉಡಚಿ. ದೇವರ ಬೀಜ ಅದು."

"ನನ್ನ ಬಾಯಿಗೆ ಗಂಜಳದ ಕೊಡ ತಂದೋನು ನೀನು. ದೇವರ ಮಾತು ನನಗೆ ಹೇಳ್ಬ್ಯಾಡ."

ಅವನು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಒಂದು ಸಂಜೆ ಅತ್ತೆಗೆ ಜ್ವರ ಬಂದಾಗ, ಕಹಿಯ ಹೂಗಳನ್ನು ಟವೆಲಿನಲ್ಲಿ ಸುತ್ತಿ ತಂದು ಹೊಸ್ತಿಲ ಮೇಲಿಟ್ಟು, ಯಾರಿಗೂ ಮುಖ ಕೊಡದೆ ಕೊಟ್ಟಿಗೆಗೆ ಹೋದವನು ಅವನೇ.

ಹೂವಿನ ಬಾಯಿಗೆ ಕಟ್ಟಿದ ನಾರು ಗೌಡನ ಕಣ್ಣಿಗೆ ಬೀಳದೆ ಇರುತ್ತದೆಯೇ? ಬಿತ್ತು. "ಏನೇ ಇದು?" ಎಂದ.

"ದೃಷ್ಟಿ ದಾರ ಗೌಡ್ರೆ. ಎಲ್ಲೆಲ್ಲಿಂದನೋ ಜನ ಬಂದು ನೋಡ್ತಾರೆ. ನಿಮ್ಮ ಬೀಜಕ್ಕೆ ಕಣ್ಣು ಬೀಳಬಾರದು."

ಗೌಡ ಹಿಗ್ಗಿ ಹೀರೇಕಾಯಿ ಆದ. ಮುಂದಿನ ಸಲ ಮೇಳದವರು ಬಂದಾಗ ಆ ನಾರನ್ನು ತಾನೇ ಎತ್ತಿ ತೋರಿಸಿದ. "ಇದು ನಮ್ಮ ಹಿರಿಯರ ಪದ್ಧತಿ" ಎಂದು ಮೇಡಂ ಮೊಬೈಲಿಗೆ ಹೇಳಿದ. ನಾನು ಬದುವಿನ ಮೇಲೆ ಕೂತು ಕಳೆ ಕೀಳುತ್ತಿದ್ದೆ. ನಗು ಬರಬಾರದು ಅಂತ ತುಟಿ ಕಚ್ಚಿಕೊಂಡಿದ್ದಕ್ಕೆ ರಕ್ತ ಬಂತು.

ನಾರು ಕಟ್ಟಿದ ಕಾಯಿಗಳನ್ನೇ ಬೀಜಕ್ಕೆ ಬಿಟ್ಟೆವು. ಉಳಿದವು ಗೌಡರ ಅಡಿಗೆಮನೆಗೆ ಹೋದವು. ಬೇಸಿಗೆಯ ಕೊನೆಗೆ ಬಳ್ಳಿ ಒಣಗಿ, ಕಾಯಿ ಗಟ್ಟಿಯಾಗಿ, ಅಲ್ಲಾಡಿಸಿದರೆ ಒಳಗೆ ಗಲಗಲ ಅಂದವು. ಒಡೆದು, ತೂರಿ, ಬಿಸಿಲಿಗೆ ಹಾಕಿದ್ದು ನಾವೇ. ಪೊಟ್ಟಣ ಕಟ್ಟುವಾಗ ಮಾತ್ರ ನಮ್ಮನ್ನು ಹೊರಗೆ ಕಳಿಸಿದರು. ಪೊಟ್ಟಣದ ಮೇಲೆ ಗೌಡನ ಫೋಟೊ, ರುಮಾಲು ಸುತ್ತಿ ನಗುವ ಫೋಟೊ. ದಾವಣಗೆರೆಯ ಮೇಳದಲ್ಲಿ ಅವನಿಗೆ ಶಾಲು ಹೊದಿಸಿ ಬೀಜಸಂರಕ್ಷಕ ಅಂತ ಫಲಕ ಕೊಟ್ಟರು. ಚನ್ನಗಿರಿಯವರು ಒಯ್ದರು, ಹೊನ್ನಾಳಿಯವರು ಒಯ್ದರು, ಜಗಳೂರಿನಿಂದ ಬಸ್ಸು ಹತ್ತಿ ಬಂದವರೂ ಕಣ್ಣಿಗೊತ್ತಿಕೊಂಡು ಒಯ್ದರು. ಪೊಟ್ಟಣ ಕೊಡುವಾಗ ಗೌಡ ಒಂದು ಮಾತು ಹೇಳುತ್ತಿದ್ದ: ಇದು ಗದ್ದುಗೆ ಮಠದ ದೇವರ ಬೀಜ, ಮೊದಲ ಕಾಯಿ ಶ್ರಾವಣದ ದಾಸೋಹಕ್ಕೆ ಬರಬೇಕು, ಅದಕ್ಕೆ ಮುಂಚೆ ಯಾರೂ ಬಾಯಿಗೆ ಹಾಕಬಾರದು, ಹಾಕಿದರೆ ಬಳ್ಳಿ ಮುನಿಯುತ್ತದೆ.

ಆ ಮಾತು ಕೇಳಿದಾಗ ಅತ್ತೆ ನಮ್ಮ ಗುಡಿಸಿಲಿನ ಪಕ್ಕ ಗುಂಡಿ ತೋಡುತ್ತಿದ್ದಳು. ಎಲೆಅಡಕೆ ಚೀಲದ ಬೀಜಗಳನ್ನು ಅಲ್ಲಿ ಊರಿದಳು. ಊರಿ, ಮಣ್ಣು ತಟ್ಟಿ, "ಹೇಳ್ಲಿ ಹೇಳ್ಲಿ. ಎಲ್ಲಾರ್ಗೂ ಹೇಳ್ಲಿ" ಎಂದಳು.

ಶ್ರಾವಣದ ಕೊನೇ ಸೋಮವಾರ ಮಠದ ಅಂಗಳದಲ್ಲಿ ಸೋರೆಕಾಯಿಯ ಗುಡ್ಡೆ ಬಿತ್ತು. ಟ್ರ್ಯಾಕ್ಟರಿನಲ್ಲಿ, ಬೈಕಿನ ಹಿಂದೆ, ತಲೆಯ ಮೇಲೆ ಹೊತ್ತು ತಂದರು. ಒಂದೊಂದೂ ಎಂಥಾ ಕಾಯಿ! ಕೈ ಜಾರುವಂಥ ನುಣುಪು, ತಿಳಿಹಸಿರು ಬಣ್ಣ. ಸೋರೆ ಪಲ್ಯ, ಸೋರೆ ಸಾಂಬಾರು, ಬೆಲ್ಲ ಹಾಕಿದ ಸೋರೆ ಪಾಯಸ. ಮಠದ ಒಲೆಯ ಮೇಲಿನ ಅಡಿಗೆಯನ್ನು ಎಡೆ ಆಗುವವರೆಗೆ ಯಾರೂ ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ದೇವರೇ ಮೊದಲು ತಿಳಿಯಬೇಕು. ಕೇರಿಯವರು ಒಲೆಯ ಹತ್ತಿರ ಸುಳಿಯುವಂತೆಯೇ ಇಲ್ಲ. ನಾವು ಶಾಮಿಯಾನದ ಹಿಂದೆ, ತಿಂದು ಬಿಸಾಡಿದ ಹಾಳೆತಟ್ಟೆ ಎತ್ತುವ ಜಾಗದಲ್ಲಿ ನಿಂತಿದ್ದೆವು. ಕೊನೆಯ ಪಂಕ್ತಿ ನಮ್ಮದು. ಅತ್ತೆ ಬೆಳಿಗ್ಗೆಯೇ ಕೇರಿಯ ಎಲ್ಲರ ಮನೆಗೂ ಹೋಗಿ, "ಇವತ್ತು ಮನ್ಯಾಗೇ ಮುದ್ದಿ ಉಂಡು ಬರ್ರಿ" ಎಂದು ಹೇಳಿ ಬಂದಿದ್ದಳು. ಯಾಕೆ ಅಂತ ಯಾರೂ ಕೇಳಲಿಲ್ಲ.

ಮೊದಲ ಪಂಕ್ತಿಯಲ್ಲಿ ಗದ್ದುಗೆಯ ಅಯ್ಯನವರು, ಅವರ ಪಕ್ಕದಲ್ಲಿ ಗೌಡ, ಆಮೇಲೆ ಮೇಳದವರು, ಊರೂರಿನ ರೈತರು. ಬಡಿಸುವ ಮುಂಚೆ ಗೌಡ ಮೈಕು ಹಿಡಿದ.

"ಇದು ದೇವರ ಪ್ರಸಾದ. ಒಂದಗಳು ಚೆಲ್ಲಬಾರದು, ಉಗುಳಬಾರದು. ಪ್ರಸಾದ ಉಗುಳಿದೋರ ಮನಿ ಉದ್ಧಾರ ಆಗಲ್ಲ."

ಅತ್ತೆ ನನ್ನ ಮೊಣಕೈ ಹಿಡಿದುಕೊಂಡಳು. ಉಗುರು ಚರ್ಮದೊಳಗೆ ಇಳಿಯಿತು.

ಅಯ್ಯನವರು ಪಲ್ಯದ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮುಚ್ಚಿದವರು ತೆರೆಯಲೇ ಇಲ್ಲ. ಧ್ಯಾನಕ್ಕೆ ಹೋದರು ಅಂತ ಹಿಂದಿದ್ದ ಒಬ್ಬ ಹೆಂಗಸು ಕೈಮುಗಿದಳು. ಗೌಡ ದೊಡ್ಡ ತುತ್ತು ಮಾಡಿ ಹಾಕಿಕೊಂಡ. ದವಡೆ ಒಂದು ಸಲ ಆಡಿತು, ನಿಂತಿತು. ಮುಖದ ಬಣ್ಣ ಹೋಯಿತು. ಪಂಕ್ತಿಯ ಉದ್ದಕ್ಕೂ ಎಲ್ಲರ ದವಡೆ ನಿಂತಿತ್ತು. ಎಲ್ಲರೂ ಗೌಡನನ್ನೇ ನೋಡುತ್ತಿದ್ದರು. ಅವನ ಬೀಜ, ಅವನ ಫೋಟೊ, ಅವನದೇ ಮಾತು. ಗೌಡ ಗುಟುಕ್ಕನೆ ನುಂಗಿದ. ನುಂಗಿ, ನಗಲು ನೋಡಿ, ಇನ್ನೊಂದು ತುತ್ತು ಎತ್ತಿದ. ಕಹಿ ಕಳೆಯಲು ಪಾಯಸ ಕುಡಿದ. ಅದು ಕಹಿಯಲ್ಲಿ ಪಲ್ಯಕ್ಕಿಂತ ಮೇಲಿತ್ತು. ಕಣ್ಣಿನಿಂದ ನೀರು ಸುರಿಯುತ್ತಿದ್ದರೂ ತಟ್ಟೆ ಖಾಲಿ ಮಾಡಿದ.

ನನಗೆ ಆದ ಖುಷಿಯನ್ನು ಸುಳ್ಳಾಡಿ ಮುಚ್ಚಿಡಲಾರೆ. ಮದುವೆಯ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಬಿಳಿಚೋಡಿನ ಒಬ್ಬ ಮುದುಕ ಮೊದಲು ಎದ್ದ. ಶಾಮಿಯಾನದ ಕಂಬ ಹಿಡಿದು ಥೂ ಎಂದು ಉಗಿದ. "ಪ್ರಸಾದಾನೂ ಬ್ಯಾಡ, ಉದ್ಧಾರಾನೂ ಬ್ಯಾಡ. ಗೌಡ್ರೆ, ವಿಷದ ಬೀಜ ಕೊಟ್ರೇನ್ರಿ ನಮಗೆ?" ಅವನು ಉಗಿದದ್ದೇ ತಡ, ಪಂಕ್ತಿಗೆ ಪಂಕ್ತಿಯೇ ಎದ್ದು ಉಗಿಯಿತು. ಅಯ್ಯನವರ ಧ್ಯಾನವೂ ಮುಗಿದು, ಅವರೂ ಬಚ್ಚಲ ಕಡೆ ಓಡಿದರು. ಗೌಡ ಮಾತ್ರ ಏಳಲು ಹೋಗಿ, ಹೊಟ್ಟೆ ಹಿಡಿದುಕೊಂಡು ತಟ್ಟೆಯ ಮೇಲೇ ಕವುಚಿ ಬಿದ್ದು ವಾಂತಿ ಮಾಡಿಕೊಂಡ. ಆ ತಟ್ಟೆ ಎತ್ತಲು ನಮ್ಮನ್ನು ಕರೆದರು. ನಾವು ಹೋಗಲಿಲ್ಲ. ಅತ್ತೆ ಪೊರಕೆಯನ್ನು ಗೋಡೆಗೆ ಆನಿಸಿಟ್ಟು ಕೇರಿಯ ದಾರಿ ಹಿಡಿದಳು, ಅವಳ ಹಿಂದೆ ನಾವೆಲ್ಲ.

ಗೌಡ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದ. ಬರುವ ಹೊತ್ತಿಗೆ ಅವನ ಜಗಲಿಯ ಮುಂದೆ ಜನ ಸೇರುತ್ತಿದ್ದರು. ಬಳ್ಳಿ ಕಿತ್ತು ತಂದು ಬಾಗಿಲಿಗೆ ಎಸೆದು ಹೋಗುವವರು ಒಂದಷ್ಟು, ಒಳ್ಳೇ ಬೀಜ ಕೊಡಿ ಇಲ್ಲವೇ ಫಲಕ ವಾಪಸ್ ಕೊಡಿ ಎನ್ನುವವರು ಒಂದಷ್ಟು. ಒಳ್ಳೇ ಬೀಜ ಎಲ್ಲಿತ್ತು? ಕೆರೆಯ ಬಾತುಗಳನ್ನು ಕೇಳಬೇಕಿತ್ತು.

ಒಂದು ಬೆಳಿಗ್ಗೆ ಅವನು ಕೇರಿಗೆ ಬಂದ. ಹುಟ್ಟಿದಾಗಿನಿಂದ ಕಾಲಿಡದವನು, ಕೋಲು ಊರಿಕೊಂಡು, ನಮ್ಮ ಗುಡಿಸಿಲಿನ ಮುಂದೆ ಬಂದು ನಿಂತ. ರುಮಾಲು ಸಡಿಲವಾಗಿತ್ತು, ಕೊರಳಿನ ಚರ್ಮ ಜೋತಿತ್ತು. ನಮ್ಮ ಸೂರಿನ ಮೇಲೆ ಅತ್ತೆಯ ಸೋರೆಬಳ್ಳಿ ಹಬ್ಬಿ, ಕಾಯಿ ಇಳಿಬಿದ್ದಿದ್ದವು.

"ಏನೋ ಮಾಡೀಯಲೇ ನೀನು" ಎಂದ. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ. "ಮದ್ದು ಹಾಕೀಯ. ಪೊಲೀಸ್ರಿಗೆ ಹೇಳ್ತೀನಿ."

"ಏನಂತ ಹೇಳ್ತೀರಿ ಗೌಡ್ರೆ? ಬೇಲಿ ನೀವು ಹಾಕಿದ್ರಿ, ಬೀಗ ನೀವು ಹಾಕಿದ್ರಿ, ಪೊಟ್ಟಣ ನೀವು ಕಟ್ಟಿದ್ರಿ. ನಾಲಿಗೆ ನೋಡ್ಬ್ಯಾಡ ಅಂದೋರೂ ನೀವೇ. ನಾನು ನೋಡ್ಲಿಲ್ಲ."

ಗೌಡ ಸೂರಿನ ಕಡೆ ನೋಡಿದ. ಎಂಜಲು ಗುಟುಕರಿಸಿದ. "ಇವು ಹಳೇ ಬೀಜದ್ವಾ?"

"ಹೂಂ."

"ಸಿಹಿ ಐತಾ?"

ಅತ್ತೆ ಸೂರಿಗೆ ಕೈ ಚಾಚಿ ಒಂದು ಎಳೆಕಾಯಿ ಕಿತ್ತಳು. ಕುಡುಗೋಲಿನಿಂದ ಹೋಳು ಮಾಡಿದಳು. ಕೇರಿಯ ಬಾಗಿಲು ಬಾಗಿಲಲ್ಲೂ ಜನ ನಿಂತಿದ್ದರು. ಮಾವ ಕೊಟ್ಟಿಗೆಗೆ ಹೊರಟವನು ಅಲ್ಲೇ ನಿಂತಿದ್ದ. ನಾನು ನನ್ನ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡತೊಡಗಿದೆ. ಅತ್ತೆ ಹೋಳನ್ನು ಕಚ್ಚಿ, ನಿಧಾನಕ್ಕೆ ಜಗಿದು, ನುಂಗಿದಳು. ಹಲ್ಲು ಮೂಡಿದ ಅದೇ ಹೋಳನ್ನು ಗೌಡನ ಮುಂದೆ ಹಿಡಿದಳು.

"ನೀವೇ ನೋಡ್ರಿ."

"ಬ್ಯಾರೆ ಹೋಳು ಕೊಡು."

"ಬ್ಯಾರೆ ಹೋಳು ಇಲ್ಲ. ಈ ಬೀಜಕ್ಕೆ ಎಂಜಲೇ ತಳಿ. ಮೊದ್ಲು ಇದನ್ನ ಇಲ್ಲೇ ನಿಂತು ತಿನ್ರಿ. ಆಮೇಲೆ ನನ್ನ ಪಟ್ಟಿ ಬೇಲಿ ಕೀಳಿಸ್ರಿ. ಆಮೇಲೆ ಬೀಜದ ಮಾತು. ಉಗುಳಿದ್ರೆ ಬೀಜ ಇಲ್ಲ."

"ಲೇ ಉಡಚಿ..."

"ಉಡಚಮ್ಮ ಅನ್ರಿ."

ಹೋಳಿನ ರಸ ಅವಳ ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು. ಚಾಚಿದ ಕೈಯನ್ನು ಅವಳು ಹಿಂದೆ ತೆಗೆಯಲಿಲ್ಲ. ಗೌಡನ ಹಿಂದೆ ಊರ ಕಡೆಯಿಂದ ಇನ್ನೂ ನಾಲ್ಕಾರು ಜನ ಬಂದು ನಿಂತಿದ್ದರು, ಬಿಳಿಚೋಡಿನ ಮುದುಕನೂ ಇದ್ದ. ಗೌಡ ಆ ಕಡೆ ನೋಡಿದ, ಈ ಕಡೆ ನೋಡಿದ. ಅವನ ಬಲಗೈ ನಿಧಾನಕ್ಕೆ ಮೇಲೆ ಬಂತು. ಹೊಡೆಯುವುದಕ್ಕೋ ಇಸಿದುಕೊಳ್ಳುವುದಕ್ಕೋ ತಿಳಿಯಲಿಲ್ಲ.

ನಾನು ಮೊಬೈಲ್ ಕೆಳಗಿಳಿಸಲಿಲ್ಲ.